ಎರಡು ಮನೆ ಇರುವ ಗಂಡ-ಹೆಂಡತಿ: ಯಾವುದನ್ನು ಮಾರಿದರೆ ತೆರಿಗೆ ಕಮ್ಮಿ?

ಹೋದ ವರ್ಷ ದಸರಾ ರಜೆಯಲ್ಲಿ ಅಕ್ಕ-ಭಾವ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಎರಡು ಪ್ಲಾಸ್ಟಿಕ್ ಕವರ್ ಇತ್ತು. ಒಂದರಲ್ಲಿ ಮೈಸೂರು ಕುವೆಂಪುನಗರದ ಮನೆಯ ಪತ್ರಗಳು. ಇನ್ನೊಂದರಲ್ಲಿ ಬೆಂಗಳೂರಿನ ಫ್ಲ್ಯಾಟಿನವು. ಕಾಫಿ ಲೋಟ ಕೆಳಗಿಡುವ ಮೊದಲೇ ಭಾವ ಕೇಳಿದರು: "ನೋಡಪ್ಪಾ, ಎರಡೂ ಹತ್ತಿರ ಹತ್ತಿರ ಒಂದು ಕೋಟಿಗೆ ಹೋಗುತ್ತವೆ. ಯಾವುದನ್ನು ಮಾರಲಿ?"

ತೆರಿಗೆ ರಿಟರ್ನ್ ತುಂಬಿಸುವುದು ನನ್ನ ಹೊಟ್ಟೆಪಾಡು. ಈ ಪ್ರಶ್ನೆ ವಾರಕ್ಕೊಂದು ಸಲ ಬರುತ್ತದೆ. ಇಬ್ಬರೂ ದುಡಿದ ದಂಪತಿಗೆ ನಿವೃತ್ತಿ ಹೊತ್ತಿಗೆ ಎರಡು ಮನೆ ಆಗಿರುವುದು ಈಗ ಅಪರೂಪವಲ್ಲ. ಒಂದು ಊರ ಕಡೆ, ಒಂದು ಬೆಂಗಳೂರಿನಲ್ಲಿ. ಮಾರುವ ಬೆಲೆ ಒಂದೇ ಆದರೆ ತೆರಿಗೆಯೂ ಒಂದೇ ಅಂದುಕೊಂಡು ಬರುತ್ತಾರೆ. ಹಾಗಿಲ್ಲ. ಅಕ್ಕ-ಭಾವನ ವಿಷಯದಲ್ಲಿ ಒಂದಕ್ಕೆ 11 ಲಕ್ಷ, ಇನ್ನೊಂದಕ್ಕೆ 1 ಲಕ್ಷ 64 ಸಾವಿರ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. "ನಾವು ವಾಸ ಇರೋ ಮನೆ ಮಾರಿದರೆ ತೆರಿಗೆ ಇಲ್ಲ ಅಲ್ವಾ?" ಅಂತ ಅಕ್ಕ ಕೇಳಿದಳು. ಇದು ಅಮೆರಿಕದ ನೆಂಟರಿಂದ ಬಂದ ಮಾತು. ಅಲ್ಲಿ ಕೊನೆಯ ಐದು ವರ್ಷದಲ್ಲಿ ಎರಡು ವರ್ಷ ವಾಸ ಇದ್ದ ಮನೆಯನ್ನು ಮಾರಿದರೆ ಒಬ್ಬರಿಗೆ 2.5 ಲಕ್ಷ ಡಾಲರ್, ಜಂಟಿ ರಿಟರ್ನ್ ಹಾಕುವ ದಂಪತಿಗೆ 5 ಲಕ್ಷ ಡಾಲರ್ ಲಾಭದ ತನಕ ತೆರಿಗೆ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಅದಿಲ್ಲ. ವಾಸದ ಮನೆಯೋ ಬಾಡಿಗೆಗೆ ಕೊಟ್ಟ ಮನೆಯೋ, ಬಂಡವಾಳ ಲಾಭದ (ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದದ್ದರ) ಲೆಕ್ಕ ಒಂದೇ. ಗಂಡ-ಹೆಂಡತಿ ಒಟ್ಟಿಗೆ ಒಂದೇ ರಿಟರ್ನ್ ಹಾಕುವ ಪದ್ಧತಿಯೂ ಇಲ್ಲಿಲ್ಲ. ತೆರಿಗೆ ಇಲಾಖೆಯ ಕಣ್ಣಿಗೆ ನೀವಿಬ್ಬರೂ ಬೇರೆ ಬೇರೆ ಪ್ಯಾನ್ ಕಾರ್ಡು, ಅಷ್ಟೇ.

ಅದಕ್ಕೇ ಎಷ್ಟಕ್ಕೆ ಮಾರುತ್ತೀರಿ ಅಂತ ನಾನು ಮೊದಲು ಕೇಳುವುದಿಲ್ಲ. ಪತ್ರದಲ್ಲಿ ಯಾರ ಹೆಸರಿದೆ, ದುಡ್ಡು ಯಾರ ಖಾತೆಯಿಂದ ಹೋಗಿತ್ತು ಅಂತ ಕೇಳುತ್ತೇನೆ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಸೆಕ್ಷನ್ ನಂಬರುಗಳು ಬದಲಾಗಿವೆ. ಆದರೆ ಆಡಿಟರ್ ಆಫೀಸುಗಳಲ್ಲಿ ಈಗಲೂ ಎಲ್ಲರ ಬಾಯಲ್ಲಿ 54, 54ಎಫ್ ಅಂತಲೇ ಓಡಾಡುತ್ತದೆ. ಮನೆಯೋ ಸೈಟೋ ಮಾರಿ ಮತ್ತೆ ಮನೆ ಕೊಂಡರೆ ಸಿಗುವ ವಿನಾಯಿತಿಯ ಸೆಕ್ಷನ್‌ಗಳು ಅವು. ನಾನೂ ಹಳೆಯ ನಂಬರನ್ನೇ ಬಳಸುತ್ತೇನೆ. ಲೆಕ್ಕವೆಲ್ಲ 2025-26ನೇ ಸಾಲಿನಲ್ಲಿ ಮಾರಿದರೆ ಅಂತ ಇಟ್ಟುಕೊಂಡದ್ದು.

ಹಳೆಯ ಮನೆಯೋ, ಹೊಸ ಫ್ಲ್ಯಾಟೋ

ಮೈಸೂರಿನ ಮನೆ ಭಾವ ಒಬ್ಬರ ಹೆಸರಲ್ಲಿದೆ. 2004-05ರಲ್ಲಿ ನೋಂದಣಿ ಖರ್ಚೂ ಸೇರಿ 12 ಲಕ್ಷಕ್ಕೆ ಕೊಂಡದ್ದು. ಬೆಂಗಳೂರಿನ ಫ್ಲ್ಯಾಟು ಇಬ್ಬರ ಹೆಸರಲ್ಲಿ, ಅರ್ಧರ್ಧ. 2015-16ರಲ್ಲಿ 62 ಲಕ್ಷ ಬಿದ್ದಿತ್ತು.

24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಮನೆ ದೀರ್ಘಾವಧಿ ಆಸ್ತಿ. ಅದಕ್ಕಿಂತ ಬೇಗ ಮಾರಿದರೆ ಲಾಭ ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ, ವಿನಾಯಿತಿಯೂ ಇಲ್ಲ. ಹಾಗಾಗಿ ಕೊಂಡು ಎರಡು ವರ್ಷ ತುಂಬದ ಮನೆ ನಿಮ್ಮಲ್ಲಿದ್ದರೆ ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ದರ ಶೇ 12.5. ಮೊದಲು ಶೇ 20 ಇತ್ತು. ಆದರೆ ಆಗ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿಕೊಳ್ಳಬಹುದಿತ್ತು. ಅದೇ ಇಂಡೆಕ್ಸೇಷನ್. ಹೊಸ ದರ ಬಂದಾಗ ಇಂಡೆಕ್ಸೇಷನ್ ಹೋಯಿತು. ಗಲಾಟೆ ಎದ್ದ ಮೇಲೆ ಸರ್ಕಾರ ಒಂದು ರಾಜಿ ಮಾಡಿತು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಮೀನು, ಕಟ್ಟಡಗಳಿಗೆ ಎರಡೂ ರೀತಿ ಲೆಕ್ಕ ಹಾಕಿ ಯಾವುದು ಕಮ್ಮಿಯೋ ಅಷ್ಟು ಕಟ್ಟಿದರೆ ಸಾಕು. ಇದು ಭಾರತದಲ್ಲಿ ನಿವಾಸಿಯಾದ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ.

ಈಗ ಮೈಸೂರಿನ ಮನೆ. 1 ಕೋಟಿಯಲ್ಲಿ 12 ಲಕ್ಷ ಕಳೆದರೆ ಲಾಭ 88 ಲಕ್ಷ. ಶೇ 12.5ರಂತೆ ತೆರಿಗೆ 11 ಲಕ್ಷ. ಹಳೆಯ ರೀತಿಯಲ್ಲಿ ನೋಡಿದರೆ, ಬೆಲೆ ಏರಿಸಿಕೊಳ್ಳಲು ಸರ್ಕಾರ ವರ್ಷ ವರ್ಷ ಪ್ರಕಟಿಸುವ ಸೂಚ್ಯಂಕ 2004-05ಕ್ಕೆ 113, 2025-26ಕ್ಕೆ 376. 12 ಲಕ್ಷ ಏರಿ ಸುಮಾರು 39.93 ಲಕ್ಷ ಆಗುತ್ತದೆ. ಲಾಭ 60.07 ಲಕ್ಷ, ಶೇ 20 ಅಂದರೆ 12.01 ಲಕ್ಷ. ಹೊಸ ರೀತಿಯೇ ಮೇಲು. 11 ಲಕ್ಷ.

ಫ್ಲ್ಯಾಟು ನೋಡಿ. 1 ಕೋಟಿಯಲ್ಲಿ 62 ಲಕ್ಷ ಕಳೆದರೆ 38 ಲಕ್ಷ. ಹೊಸ ರೀತಿಯಲ್ಲಿ 4.75 ಲಕ್ಷ ತೆರಿಗೆ. ಹಳೆಯ ರೀತಿಯಲ್ಲಿ 2015-16ರ ಸೂಚ್ಯಂಕ 254. 62 ಲಕ್ಷ ಏರಿ 91.78 ಲಕ್ಷ. ಲಾಭ ಬರೀ 8.22 ಲಕ್ಷ, ಅದಕ್ಕೆ ಶೇ 20 ಅಂದರೆ 1.64 ಲಕ್ಷ. ಅದೂ ಇಬ್ಬರ ಮಧ್ಯೆ ಹಂಚಿಹೋಗುತ್ತದೆ. ಎರಡೂ ಕಡೆ ತೆರಿಗೆಯ ಮೇಲೆ ಮತ್ತೆ ಬೀಳುವ ಸರ್ಚಾರ್ಜ್, ಸೆಸ್ ಸೇರಿಸಿಲ್ಲ.

ಕೈಯಲ್ಲೇ ಅಂದಾಜು ಮಾಡಬೇಕಾದರೆ ಒಂದು ಸುಲಭದ ಅಳತೆ ಇದೆ. 2015-16ರಲ್ಲಿ ಕೊಂಡದ್ದು 2.28 ಪಟ್ಟಿಗಿಂತ ಕಮ್ಮಿ ಬೆಳೆದಿದ್ದರೆ ಹಳೆಯ ಶೇ 20ರ ಲೆಕ್ಕ ಲಾಭ. 2004-05ರದಾದರೆ 7.2 ಪಟ್ಟು. ಅದಕ್ಕಿಂತ ಜಾಸ್ತಿ ಬೆಳೆದಿದ್ದರೆ ಹೊಸ ಶೇ 12.5. ಬೆಂಗಳೂರಿನ ಫ್ಲ್ಯಾಟುಗಳು ಎಷ್ಟೋ ಕಡೆ ಹತ್ತು ವರ್ಷದಲ್ಲಿ ಎರಡು ಪಟ್ಟೂ ಆಗಿಲ್ಲ. ಸೈಟಿನ ಮೇಲೆ ಕಟ್ಟಿದ ಹಳೆಯ ಮನೆಗಳು ಎಂಟು ಹತ್ತು ಪಟ್ಟು ಆಗಿವೆ. ಹಾಗಾಗಿ ಈ ಹೋಲಿಕೆಯಲ್ಲಿ ಹೆಚ್ಚು ಸಲ ಫ್ಲ್ಯಾಟೇ ಗೆಲ್ಲುತ್ತದೆ. ಅಂದರೆ ಮಾರೋಕೆ.

2001ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡ ಅಥವಾ ಅಪ್ಪನ ಕಾಲದ ಮನೆಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ಆದರೆ ಅಂದಿನ ಮಾರ್ಗಸೂಚಿ ದರಕ್ಕಿಂತ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ದರಕ್ಕಿಂತ, ಜಾಸ್ತಿ ತೋರಿಸುವಂತಿಲ್ಲ.

ಮಹಡಿಯ ಬಿಲ್ಲು

ಲೆಕ್ಕ ಮುಗಿಯಿತು ಅಂತ ಪೆನ್ನು ಮುಚ್ಚುವಾಗ ಅಕ್ಕ ಸುಮ್ನೆ ಅಂದಳು: "ಮಹಡಿ ಕಟ್ಟಿಸಿದ್ದು ಸೇರಿಸಿದ್ಯೇನೋ?" 2012-13ರಲ್ಲಿ ಮೇಲೆ ಎರಡು ರೂಮು, ಒಂದು ಬಚ್ಚಲು ಕಟ್ಟಿಸಿದ್ದರು. ಒಂಬತ್ತು ಲಕ್ಷ ಆಗಿತ್ತಂತೆ. ಕವರಿನಲ್ಲಿ ಅದರ ಒಂದು ಚೀಟಿಯೂ ಇರಲಿಲ್ಲ.

ಈ ಒಂಬತ್ತು ಲಕ್ಷ ಏನು ಮಾಡುತ್ತದೆ ನೋಡಿ. ಹೊಸ ರೀತಿಯಲ್ಲಿ ಲಾಭ 79 ಲಕ್ಷಕ್ಕಿಳಿದು ತೆರಿಗೆ 9.88 ಲಕ್ಷ. ಹಳೆಯ ರೀತಿಯಲ್ಲಿ 2012-13ರ ಸೂಚ್ಯಂಕ 200. ಒಂಬತ್ತು ಲಕ್ಷ 16.92 ಲಕ್ಷ ಆಗುತ್ತದೆ. ಲಾಭ 43.15 ಲಕ್ಷ, ತೆರಿಗೆ 8.63 ಲಕ್ಷ. ಇಲ್ಲಿ ಗೆದ್ದ ರೀತಿಯೇ ಬದಲಾಯಿತು. ಬಿಲ್ಲು ಇಲ್ಲದಿದ್ದರೆ 11 ಲಕ್ಷ, ಇದ್ದರೆ 8.63 ಲಕ್ಷ. ಒಂದು ಮೂಲೆಯ ಕಾಗದದ ಕಟ್ಟಿನ ಬೆಲೆ 2.37 ಲಕ್ಷ.

ಇಟ್ಟಿಗೆ, ಸಿಮೆಂಟು, ಮೇಸ್ತ್ರಿ ಕೂಲಿ, ನಕ್ಷೆ ಮಂಜೂರಾತಿ, ಹೊಸದಾಗಿ ಕೊರೆಸಿದ ಬೋರ್‌ವೆಲ್, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸುಣ್ಣ ಬಣ್ಣ, ನಲ್ಲಿ ರಿಪೇರಿ ಬರುವುದಿಲ್ಲ. ಮಾರುವಾಗ ಕೊಟ್ಟ ಬ್ರೋಕರ್ ಕಮಿಷನ್ ಬರುತ್ತದೆ, ಅದಕ್ಕೆ ರಸೀದಿ ಇಸ್ಕೊಳ್ಳಿ. ಗೃಹಸಾಲದ ಬಡ್ಡಿಯನ್ನು ವರ್ಷ ವರ್ಷ ರಿಟರ್ನಿನಲ್ಲಿ ಕಳೆದುಕೊಂಡಿದ್ದರೆ ಅದನ್ನೇ ಮತ್ತೆ ಕೊಂಡ ಬೆಲೆಗೆ ಸೇರಿಸುವ ಹಾಗಿಲ್ಲ. 2023ರ ತಿದ್ದುಪಡಿ ಆ ದಾರಿ ಮುಚ್ಚಿದೆ.

ಒಬ್ಬರ ಹೆಸರೋ, ಇಬ್ಬರ ಹೆಸರೋ

ಮನೆ ಮಾರುವ ದಿನ ಇಬ್ಬರ ಹೆಸರಿದ್ದರೆ ಅನುಕೂಲ ಜಾಸ್ತಿ. ಲಾಭ ಎರಡು ಭಾಗ ಆಗುತ್ತದೆ. ಒಬ್ಬರ ವರಮಾನ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್, 1 ಕೋಟಿ ದಾಟಿದರೆ ಶೇ 15. ಮೈಸೂರಿನ ಮನೆಯನ್ನು ಭಾವ ಒಬ್ಬರೇ ಮಾರಿದರೆ 88 ಲಕ್ಷ ಲಾಭ ಅವರ ತಲೆ ಮೇಲೆ. 11 ಲಕ್ಷದ ಮೇಲೆ ಇನ್ನೂ 1.10 ಲಕ್ಷ ಸರ್ಚಾರ್ಜ್. ಅದೇ ಇಬ್ಬರ ಹೆಸರಲ್ಲಿದ್ದಿದ್ದರೆ ತಲಾ 44 ಲಕ್ಷ. ಪಿಂಚಣಿ ಸೇರಿಯೂ ಒಬ್ಬೊಬ್ಬರದು 50ರ ಒಳಗೇ ಉಳಿಯುತ್ತಿತ್ತು. ಎಲ್ಲದರ ಮೇಲೂ ಶೇ 4 ಸೆಸ್ ಇದ್ದೇ ಇದೆ, ಅದರಿಂದ ಯಾರಿಗೂ ಬಿಡುಗಡೆಯಿಲ್ಲ.

ಹೆಂಡತಿಗೆ ಬೇರೆ ಆದಾಯವೇ ಇಲ್ಲ, ಮನೆ ಅವಳ ತವರಿನಿಂದ ಬಂದದ್ದು ಅಂದುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ ಮೂಲ ವಿನಾಯಿತಿ ಮಿತಿ 4 ಲಕ್ಷ. ಭಾರತದಲ್ಲಿ ನಿವಾಸಿಯಾದವರು ಬಳಕೆಯಾಗದ ಈ 4 ಲಕ್ಷವನ್ನು ಬಂಡವಾಳ ಲಾಭದಲ್ಲಿ ಕಳೆದುಕೊಳ್ಳಬಹುದು. ಶೇ 12.5ರಂತೆ 50 ಸಾವಿರ ಉಳಿಯಿತು. ಆದರೆ "ಹನ್ನೆರಡು ಲಕ್ಷದ ತನಕ ತೆರಿಗೆನೇ ಇಲ್ವಲ್ಲಾ" ಅಂತ ಬರುವವರಿಗೆ ನಿರಾಸೆ. ಆ ರಿಬೇಟು ಮನೆ ಮಾರಿದ ಲಾಭಕ್ಕೆ ಅನ್ವಯಿಸುವುದಿಲ್ಲ.

ಈಗ ಅಸಲಿ ವಿಷಯ. ಪತ್ರದಲ್ಲಿ ಇಬ್ಬರ ಹೆಸರಿದೆ ಅನ್ನುವುದೊಂದೇ ಸಾಕಾಗುವುದಿಲ್ಲ. ದುಡ್ಡು ಪೂರ್ತಿ ಗಂಡನದು, ಹೆಂಡತಿ ಹೆಸರನ್ನು ಪ್ರೀತಿಗೆ ಸೇರಿಸಿದ್ದು ಅಂತಾದರೆ ಲಾಭವೂ ಪೂರ್ತಿ ಗಂಡನ ಲೆಕ್ಕಕ್ಕೇ ಬರುತ್ತದೆ. ಅಕ್ಕ ಹೈಸ್ಕೂಲು ಟೀಚರ್ ಆಗಿದ್ದವಳು. ಫ್ಲ್ಯಾಟಿನ ಸಾಲದ ಕಂತು ಅರ್ಧ ಅವಳ ಸಂಬಳದ ಖಾತೆಯಿಂದಲೇ ಹೋಗಿದೆ. ಅವಳ ಪಾಸ್‌ಬುಕ್ಕಿನ ಮೂಲೆಗಳು ಮಡಿಸಿ ಮಡಿಸಿ ಹರಿದಿವೆ. ಆದರೆ ತಿಂಗಳು ತಿಂಗಳು ಏಳನೇ ತಾರೀಕಿಗೆ ಕಂತು ಹೋದ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಫೋಟೋ ತೆಗೆದು ಇಟ್ಟುಕೊಂಡೆ. ಅರ್ಧ ಪಾಲು ಅವಳದೇ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

"ಹಾಗಾದರೆ ಮೈಸೂರಿನ ಮನೆಯಲ್ಲಿ ಅರ್ಧ ಇವಳಿಗೆ ದಾನಪತ್ರ ಮಾಡಿ ಆಮೇಲೆ ಮಾರಿದರೆ?" ಅಂತ ಭಾವ ಕೇಳಿದರು. ಹತ್ತರಲ್ಲಿ ಏಳು ಜನ ಇದನ್ನು ಕೇಳುತ್ತಾರೆ. ಕರ್ನಾಟಕದಲ್ಲಿ ಮನೆಯವರಿಗೆ ದಾನಪತ್ರ ಮಾಡಲು ಮುದ್ರಾಂಕ ಶುಲ್ಕ ಕೆಲವೇ ಸಾವಿರ. ದಾನ ಪಡೆದ ಹೆಂಡತಿಗೆ ಆಗ ತೆರಿಗೆಯೂ ಇಲ್ಲ. ಆದರೆ ಮಾರಿದ ದಿನ ಸೆಕ್ಷನ್ 64 ಎದುರು ನಿಲ್ಲುತ್ತದೆ. ಸರಿಯಾದ ಬೆಲೆ ಪಡೆಯದೆ ಗಂಡ ಹೆಂಡತಿಗೋ ಹೆಂಡತಿ ಗಂಡನಿಗೋ ಕೊಟ್ಟ ಆಸ್ತಿಯಿಂದ ಬಂದ ಆದಾಯ ಕೊಟ್ಟವರ ಲೆಕ್ಕಕ್ಕೇ ವಾಪಸ್. ಬಾಡಿಗೆಯೂ ಅಷ್ಟೆ, ಮಾರಿದ ಲಾಭವೂ ಅಷ್ಟೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ ಕೂತದ್ದು ದಂಡ.

ಹದಿನೆಂಟು ತುಂಬಿದ ಮಕ್ಕಳಿಗೆ ಕೊಟ್ಟರೆ ಈ ವಾಪಸಾತಿ ಇಲ್ಲ. ಅಪ್ಪ ಕೊಂಡ ಬೆಲೆ, ಕೊಂಡ ತಾರೀಕು ಮಗಳಿಗೆ ಬರುತ್ತದೆ. ಲಾಭ ಅವಳದು. ಆದರೆ ದುಡ್ಡೂ ಅವಳದೇ. ಕಾಗದದ ಮೇಲೆ ಮಾತ್ರ ಕೊಟ್ಟು ದುಡ್ಡು ನಾವೇ ಇಟ್ಟುಕೊಳ್ಳುತ್ತೇವೆ ಅನ್ನುವ ಯೋಚನೆ ಇದ್ದರೆ ಅದು ಮಗಳಿಗೂ ಒಳ್ಳೆಯದಲ್ಲ, ನಿಮಗೂ ಒಳ್ಳೆಯದಲ್ಲ.

ಸೈಟು ಇದ್ದವರು ಇಲ್ಲಿ ನಿಲ್ಲಿ

ಜಂಟಿ ಹೆಸರಿಗೆ ಒಂದು ಬೆಲೆ ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ದಂಪತಿಗೆ ಎರಡು ಮನೆಯ ಜೊತೆ ಒಂದು ಸೈಟೂ ಇರುತ್ತದೆ. ಸೈಟು ಮಾರಿ ಮನೆ ಕೊಂಡರೆ ಸಿಗುವ ವಿನಾಯಿತಿ 54ಎಫ್. ಅದರ ಷರತ್ತು ಬಿಗಿ. ಲಾಭ ಮಾತ್ರ ಹಾಕಿದರೆ ಸಾಲದು, ಮಾರಿ ಬಂದ ಹಣವನ್ನೆಲ್ಲ ಹೊಸ ಮನೆಗೆ ಹಾಕಬೇಕು. ಕಮ್ಮಿ ಹಾಕಿದರೆ ವಿನಾಯಿತಿಯೂ ಅದೇ ಪ್ರಮಾಣದಲ್ಲಿ ಕಮ್ಮಿ. ಜೊತೆಗೆ ಸೈಟು ಮಾರುವ ದಿನ ನಿಮ್ಮ ಹೆಸರಲ್ಲಿ, ಹೊಸ ಮನೆ ಬಿಟ್ಟು, ಒಂದಕ್ಕಿಂತ ಜಾಸ್ತಿ ಮನೆ ಇರಬಾರದು.

ಗಂಡನ ಹೆಸರಲ್ಲಿ ಒಂದು ಮನೆ, ಹೆಂಡತಿಯ ಹೆಸರಲ್ಲಿ ಒಂದು ಮನೆ ಇದ್ದರೆ ಇಬ್ಬರೂ ಪಾರು. ಯಾರ ಸೈಟು ಮಾರಿದರೂ 54ಎಫ್ ಸಿಗುತ್ತದೆ. ಅದೇ ಎರಡೂ ಮನೆ ಜಂಟಿಯಾಗಿದ್ದರೆ? ಅರ್ಧ ಪಾಲು ಒಂದು ಮನೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದರಲ್ಲಿ ನ್ಯಾಯಾಲಯಗಳು ಒಂದೇ ದಾರಿ ಹಿಡಿದಿಲ್ಲ. ಮದ್ರಾಸ್ ಹೈಕೋರ್ಟ್ ತೆರಿಗೆದಾರರ ಪರ ನೋಡಿದೆ. ನಮ್ಮ ಕರ್ನಾಟಕ ಹೈಕೋರ್ಟ್ 2014ರಲ್ಲಿ ಪಾಲು ಇದ್ದರೂ ಅದು ಮನೆಯ ಒಡೆತನವೇ ಅಂದಿದೆ. ಇಲ್ಲಿಯವರಿಗೆ ಇಲ್ಲಿಯ ತೀರ್ಪೇ ಅನ್ವಯ. ಅಂದರೆ ಎರಡು ಜಂಟಿ ಮನೆ ಇರುವ ಗಂಡನಿಗೂ ಎರಡು ಮನೆ, ಹೆಂಡತಿಗೂ ಎರಡು ಮನೆ. ಸೈಟಿನ ವಿನಾಯಿತಿ ಇಬ್ಬರಿಗೂ ಹೋಯಿತು.

ಅಕ್ಕ-ಭಾವನಿಗೆ ಇದು ಅರ್ಧ ತಟ್ಟುತ್ತದೆ. ಭಾವನ ಹೆಸರಲ್ಲಿ ಮೈಸೂರಿನ ಮನೆ ಪೂರ್ತಿ, ಫ್ಲ್ಯಾಟಿನಲ್ಲಿ ಅರ್ಧ. ಅವರ ಲೆಕ್ಕ ಎರಡು ಮನೆ. ಅಕ್ಕನಿಗೆ ಒಂದೇ. ಸೈಟು ಏನಾದರೂ ಭಾವನದಾಗಿದ್ದಿದ್ದರೆ ಮೊದಲು ಫ್ಲ್ಯಾಟು ಮಾರಿ ಆಮೇಲೆ ಸೈಟು ಮಾರಿ ಅನ್ನುತ್ತಿದ್ದೆ. ಮಾರುವ ಕ್ರಮ ಹಿಂದುಮುಂದಾದರೆ ಲಕ್ಷಗಟ್ಟಲೆ ಹೋಗುತ್ತದೆ.

ಮನೆ ಮಾರಿ ಮನೆ ಕೊಳ್ಳುವ ಸೆಕ್ಷನ್ 54ಕ್ಕೆ ಈ ಲೆಕ್ಕ ಇಲ್ಲ. ನಿಮಗೆ ನಾಲ್ಕು ಮನೆ ಇದ್ದರೂ ಅದು ಸಿಗುತ್ತದೆ. ಎರಡನ್ನೂ ಕಲಸಬೇಡಿ.

ಬಂದ ಹಣ ಎಲ್ಲಿಗೆ: ಇನ್ನೊಂದು ಮನೆ, ಬಾಂಡು, ಇಲ್ಲಾ ತೆರಿಗೆ

ಸೆಕ್ಷನ್ 54ರ ದಾರಿ ಎಲ್ಲರಿಗೂ ಗೊತ್ತು. ಮಾರುವ ಒಂದು ವರ್ಷ ಮುಂಚೆ ಅಥವಾ ಮಾರಿ ಎರಡು ವರ್ಷದೊಳಗೆ ಭಾರತದಲ್ಲಿ ಒಂದು ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಬೇಕು. ಲಾಭದಷ್ಟು ಹಾಕಿದರೆ ಸಾಕು, ಮಾರಿದ ಹಣವೆಲ್ಲ ಬೇಕಿಲ್ಲ. ಲಾಭ 2 ಕೋಟಿಯೊಳಗಿದ್ದರೆ ಜೀವಮಾನದಲ್ಲಿ ಒಂದು ಸಲ ಎರಡು ಮನೆ ಕೊಳ್ಳಬಹುದು. ಗಂಡನಿಗೆ ಒಂದು ಸಲ, ಹೆಂಡತಿಗೆ ಬೇರೆ ಒಂದು ಸಲ. ವಿನಾಯಿತಿಯ ಮೇಲ್ಮಿತಿ 10 ಕೋಟಿ. ನನ್ನ ಹತ್ತಿರ ಬರುವವರಿಗೆ ಆ ಚಿಂತೆ ಇಲ್ಲ.

ಹೊಸ ಮನೆಗೆ ಗಂಡನ ಅಥವಾ ಹೆಂಡತಿಯ ಹೆಸರನ್ನೂ ಸೇರಿಸಬಹುದಾ? ಮನೆ ಮಾರಿದ ಹೆಂಡತಿ, ಬಂದ ಹಣದಲ್ಲಿ ಹೊಸ ಆಸ್ತಿ ಕೊಳ್ಳುವಾಗ ಗಂಡನ ಹೆಸರನ್ನೂ ಸೇರಿಸಿದ ಪ್ರಕರಣವೊಂದು ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ಹಣ ಪೂರ್ತಿ ಅವಳದೇ ಆಗಿದ್ದರಿಂದ ವಿನಾಯಿತಿಯೂ ಪೂರ್ತಿ ಸಿಗಬೇಕು ಅಂತ 2011ರಲ್ಲಿ ತೀರ್ಪಾಯಿತು. ಆದರೂ ಮಾರಿದವರ ಹೆಸರು ಪತ್ರದಲ್ಲಿ ಮೊದಲಿಗೆ ಇರಲಿ. ಹಣವೂ ಅವರ ಖಾತೆಯಿಂದಲೇ ಹೋಗಲಿ.

ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಬಿಟ್ಟುಕೊಟ್ಟ ತೆರಿಗೆ ಬೇರೆ ರೂಪದಲ್ಲಿ ವಾಪಸ್ ಬಂದು ಕೂರುತ್ತದೆ.

ಇಲ್ಲಿ ಜನ ಎಡವುವುದು ತಾರೀಕಿನಲ್ಲಿ. ರಿಟರ್ನ್ ಹಾಕುವ ಕೊನೇ ದಿನದೊಳಗೆ, ಸಾಮಾನ್ಯವಾಗಿ ಜುಲೈ 31, ಹೊಸ ಮನೆಗೆ ಖರ್ಚಾಗದ ಹಣವನ್ನು ಬ್ಯಾಂಕಿನಲ್ಲಿ 1988ರ ಕ್ಯಾಪಿಟಲ್ ಗೇನ್ಸ್ ಅಕೌಂಟ್ ಸ್ಕೀಮಿನಡಿ ಇಡಬೇಕು. ಉಳಿತಾಯ ಖಾತೆಯಂಥದು ಎ ಟೈಪು, ಠೇವಣಿಯಂಥದು ಬಿ ಟೈಪು. ಮಾಮೂಲಿ ಎಫ್‌ಡಿ ನಡೆಯುವುದಿಲ್ಲ. ಶಿವಮೊಗ್ಗದ ಕಡೆಯ ಒಬ್ಬರು ಬ್ಯಾಂಕಿಗೆ ಹೋಗಿ ಕೇಳಿದ್ದಾರೆ. ಕೌಂಟರಿನಲ್ಲಿದ್ದವರು "ಅಂಥ ಸ್ಕೀಮೇ ಇಲ್ಲ ಸಾರ್" ಅಂದಿದ್ದಾರೆ. ಇವರು ಎಫ್‌ಡಿ ಮಾಡಿಸಿ ನಿಶ್ಚಿಂತೆಯಿಂದ ಮನೆಗೆ ಬಂದರು. ನನ್ನ ಹತ್ತಿರ ಬಂದದ್ದು ಸೆಪ್ಟೆಂಬರಿನಲ್ಲಿ. ಆಗ ಏನೂ ಮಾಡುವ ಹಾಗಿರಲಿಲ್ಲ. ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯುವುದಿಲ್ಲ. ಪೇಟೆಯ ದೊಡ್ಡ ಶಾಖೆಗೆ ಹೋಗಿ ಫಾರ್ಮ್ ಎ ಕೊಡಿ ಅಂತ ಹೆಸರು ಹಿಡಿದು ಕೇಳಿ. ಅಲ್ಲಿಂದ ತೆಗೆದ ಹಣವನ್ನು 60 ದಿನದಲ್ಲಿ ಮನೆಗೇ ಖರ್ಚು ಮಾಡಬೇಕು.

ಎರಡನೇ ದಾರಿ 54ಇಸಿ ಬಾಂಡು. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಯಂಥ ಸರ್ಕಾರಿ ಕಂಪನಿಗಳ ಬಾಂಡುಗಳು. ಮಾರಿದ ಆರು ತಿಂಗಳೊಳಗೆ ಕೊಳ್ಳಬೇಕು, ಐದು ವರ್ಷ ಮುಟ್ಟುವಂತಿಲ್ಲ. ಒಬ್ಬರಿಗೆ ಮಿತಿ 50 ಲಕ್ಷ. ಜಂಟಿ ಮನೆಯಾದರೆ ತಲಾ 50 ಲಕ್ಷ. ಬಡ್ಡಿ ಈಚಿನ ವರ್ಷಗಳಲ್ಲಿ ಶೇ 5.25, ಅದಕ್ಕೂ ತೆರಿಗೆ ಇದೆ. "ಇಷ್ಟು ಕಮ್ಮಿ ಬಡ್ಡಿಗೆ ಯಾರು ಹಾಕುತ್ತಾರೆ" ಅಂತ ಭಾವ ಮುಖ ತಿರುಗಿಸಿದರು. ಲೆಕ್ಕ ಮಾಡಿ ತೋರಿಸಿದೆ. 50 ಲಕ್ಷ ಲಾಭಕ್ಕೆ ಶೇ 12.5 ತೆರಿಗೆ, ಸೆಸ್ ಸೇರಿ 6.5 ಲಕ್ಷ. ಬಾಂಡಿಗೆ ಹಾಕಿದರೆ ಐದು ವರ್ಷದಲ್ಲಿ 13.12 ಲಕ್ಷ ಬಡ್ಡಿ, 50 ಲಕ್ಷ ಅಸಲು. ತೆರಿಗೆ ಕಟ್ಟಿದರೆ ಕೈಯಲ್ಲುಳಿಯುವುದು 43.5 ಲಕ್ಷ. ಅದನ್ನು ಅಷ್ಟೇ ಮೊತ್ತಕ್ಕೆ ತಲುಪಿಸಬೇಕಾದರೆ ವರ್ಷಕ್ಕೆ ಸುಮಾರು ಶೇ 9 ಸರಳ ಬಡ್ಡಿ ಬರಬೇಕು, ಅದೂ ಅಪಾಯ ಇಲ್ಲದೆ. ಯಾವ ಬ್ಯಾಂಕು ಕೊಡುತ್ತದೆ? ಹಾಗಾಗಿ ತೆರಿಗೆ ಪೂರ್ತಿ ಶೇ 12.5 ಬೀಳುವ ಕಡೆ, ಮತ್ತೆ ಮನೆ ಬೇಡ ಅನ್ನುವ ಹಿರಿಯರಿಗೆ ಬಾಂಡು ಒಳ್ಳೆಯದೇ.

ಫ್ಲ್ಯಾಟಿಗೆ ಮಾತ್ರ ಈ ಮಾತು ಹೇಳುವುದಿಲ್ಲ. ಅಲ್ಲಿ ಉಳಿಸುವುದೇ ಒಂದೂಮುಕ್ಕಾಲು ಲಕ್ಷದೊಳಗೆ, ಅದೂ ಇಬ್ಬರಿಂದ ಸೇರಿ. ಅಷ್ಟಕ್ಕೆ ಹಣ ಐದು ವರ್ಷ ಕಟ್ಟಿಹಾಕುವುದೋ, ಬೇಡದ ಮೂರನೇ ಮನೆ ಕೊಳ್ಳುವುದೋ ನನಗೆ ಸರಿ ಕಾಣುವುದಿಲ್ಲ. ತೆರಿಗೆ ಕಟ್ಟಿ ಕೈ ತೊಳೆದುಕೊಳ್ಳಿ ಅಂದೆ. ತೆರಿಗೆ ಉಳಿಸುವ ಹಟಕ್ಕೆ ಒಂದು ಕೋಟಿಯ ಮನೆ ಕೊಂಡರೆ ಮುದ್ರಾಂಕ, ನೋಂದಣಿಗೇ ಎಷ್ಟು ಹೋಗುತ್ತದೆ ನೋಡಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೇರಿದೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಎಲ್ಲ ಕೂಡಿಸಿದರೆ ಶೇ 7.6ರ ಹತ್ತಿರ. 1.64 ಲಕ್ಷ ಉಳಿಸಲು ಏಳೂವರೆ ಲಕ್ಷ ಕೊಟ್ಟಂತೆ.

ಬೇಗ ಹೇಳಿ ಮುಗಿಸುವಂಥವು ಕೆಲವು

ಮಾರ್ಗಸೂಚಿ ದರಕ್ಕಿಂತ ಕಮ್ಮಿಗೆ ಪತ್ರ ಮಾಡಿಸಿದರೆ, ಅಂತರ ಶೇ 10 ದಾಟಿದ ಮೇಲೆ, ಮಾರ್ಗಸೂಚಿ ದರಕ್ಕೇ ಮಾರಿದಿರಿ ಅಂತ ಹಿಡಿದು ತೆರಿಗೆ ಹಾಕುತ್ತಾರೆ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಟ್ಟಬೇಡಿ. ತೆಗೆದುಕೊಂಡಷ್ಟೇ ದಂಡ ಬೀಳುತ್ತದೆ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಕೊಡುವ ಹಣದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಾರೆ. 2024ರ ಅಕ್ಟೋಬರ್ 1ರಿಂದ ಜಂಟಿ ಮಾರಾಟಗಾರರ ಪಾಲನ್ನೆಲ್ಲ ಕೂಡಿಸಿ 50 ಲಕ್ಷ ನೋಡುತ್ತಾರೆ. ಅಕ್ಕನ ಪ್ಯಾನಿಗೆ 50 ಸಾವಿರ, ಭಾವನ ಪ್ಯಾನಿಗೆ 50 ಸಾವಿರ ಬೇರೆ ಬೇರೆ ಬೀಳಬೇಕು. ಎಲ್ಲವನ್ನೂ ಒಬ್ಬರ ಪ್ಯಾನಿಗೆ ಕಟ್ಟಿಬಿಡುವವರು ಬಹಳ. ವರ್ಷ ಮುಗಿಯುವ ಮೊದಲೇ ಕಟ್ಟಬೇಕಾದ ಅಡ್ವಾನ್ಸ್ ತೆರಿಗೆಯ ತಲೆಬಿಸಿ 60 ದಾಟಿದ, ವ್ಯಾಪಾರ ಇಲ್ಲದವರಿಗೆ ಇಲ್ಲ. ಉಳಿದವರು ಮಾರ್ಚ್ 15ರೊಳಗೆ ಕಟ್ಟಿದರೆ ಒಳ್ಳೆಯದು.

ದಂಪತಿಯಲ್ಲಿ ಒಬ್ಬರು ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಅನಿವಾಸಿ ಆಗಿದ್ದರೆ ಅವರ ಪಾಲಿನ ಕಥೆಯೇ ಬೇರೆ. ಶೇ 20ರ ಹಳೆಯ ಲೆಕ್ಕ ಅವರಿಗೆ ಇಲ್ಲ. ಅವರ ಪಾಲಿನ ಮೇಲೆ ಟಿಡಿಎಸ್ ಶೇ 1 ಅಲ್ಲ, ಶೇ 12.5, ಮೇಲೆ ಸರ್ಚಾರ್ಜ್, ಸೆಸ್. ಮುಂಚೆಯೇ ಇಲಾಖೆಯಿಂದ ಕಮ್ಮಿ ಕಡಿತದ ಸರ್ಟಿಫಿಕೇಟ್ ತರದಿದ್ದರೆ ಹಣ ರಿಫಂಡಿಗೆ ಕಾದು ಕೂರುತ್ತದೆ. ಅಂಥ ಮನೆಯಲ್ಲಿ ಎರಡರಲ್ಲಿ ಒಂದು ಮಾರುವುದಾದರೆ ಇಲ್ಲಿರುವವರ ಹೆಸರಿನದನ್ನು ಮೊದಲು ಮಾರುವುದು ಸಲೀಸು.

"ನಾವು ಮಾರೋದೇ ಬೇಡ, ಮಕ್ಕಳಿಗೆ ಬಿಟ್ಟು ಹೋದರೆ ತೆರಿಗೆ ಹೋಗುತ್ತಲ್ಲಾ?" ಅಕ್ಕನ ಕೊನೇ ಪ್ರಶ್ನೆ ಇದು. ಬಿಟ್ಟು ಹೋಗುವಾಗ ತೆರಿಗೆ ಇಲ್ಲ. ಆದರೆ ಮಗಳು ಮಾರಿದ ದಿನ ಅವಳಿಗೂ ಕೊಂಡ ಬೆಲೆ ಅಪ್ಪನ ಆ 12 ಲಕ್ಷವೇ. ತೆರಿಗೆ ಅಳಿಸಿಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಜೊತೆಗೆ ಮಹಡಿಯ ಖರ್ಚನ್ನೂ ಅವಳು ಸೇರಿಸಿಕೊಳ್ಳಬಹುದು, ಬಿಲ್ಲು ಇದ್ದರೆ.

ಕೊನೆಗೆ ಫ್ಲ್ಯಾಟು ಮಾರುವುದು ಅಂತಾಯಿತು. ಇ-ಖಾತಾದಲ್ಲಿ ಭಾವನ ಇನಿಷಿಯಲ್ ತಪ್ಪಿದ್ದರಿಂದ ಅದನ್ನು ಸರಿಮಾಡಿಸಲು ಓಡಾಟ ಶುರುವಾಯಿತು. ಹದಿನೈದು ದಿನ ಕಳೆದು ಅಕ್ಕನ ಫೋನು ಬಂತು. ಗೌರಿ ಹಬ್ಬದ ಮೊರ ಎತ್ತಿಡುವ ಪೆಟ್ಟಿಗೆಯ ತಳದಲ್ಲಿ, ಅಟ್ಟದ ಮೇಲೆ, ಮಹಡಿ ಕಟ್ಟಿಸಿದ ಬಿಲ್ಲುಗಳು ಸಿಕ್ಕಿವೆಯಂತೆ. ಒಂಬತ್ತು ಲಕ್ಷದ್ದು ಪೂರ್ತಿ ಇಲ್ಲ, ಆರು ಲಕ್ಷ 40 ಸಾವಿರದಷ್ಟು ಇದೆ. ಮೇಸ್ತ್ರಿ ಸಹಿ ಹಾಕಿದ ಚೀಟಿಗಳಲ್ಲಿ ಶಾಯಿ ಮಾಸಿದೆ. "ಈಗ ಮೈಸೂರು ಮನೆ ಮಾರ್ತಾ ಇಲ್ವಲ್ಲೋ, ಎಸೆದುಬಿಡಲಾ?" ಅಂದಳು. ಸ್ಕ್ಯಾನ್ ಮಾಡಿಸಿ ಮಗಳಿಗೆ ವಾಟ್ಸ್ಆ್ಯಪ್ ಮಾಡು, ಚೀಟಿಗಳನ್ನು ಮನೆ ಪತ್ರದ ಕವರಿನಲ್ಲೇ ಇಡು ಅಂದೆ.